ಹಳೇ ಗಾಳಿ ಮಿಷನ್ ತಂದವರಿಗೆ: ಮೊದಲು ಟ್ಯಾಂಕ್, ಆಮೇಲೆ ಉಳಿದದ್ದು

ನಮ್ಮ ಶೆಡ್ಡಿಗೆ ಕಂಪ್ರೆಸರ್ ಬಂದ ದಿನ, ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಇರಬೇಕಾದ ತೂತಿನಲ್ಲಿ ಒಂದು ಬೋಲ್ಟ್ ಇತ್ತು. ದಾರ ಸುತ್ತಿ, ಪೇಸ್ಟ್ ಹಚ್ಚಿ, ಚೆನ್ನಾಗಿಯೇ ಬಿಗಿದಿದ್ದರು. ಮಾರಿದವರಿಗೆ ಫೋನ್ ಮಾಡಿದೆ. "ವಾಲ್ವಲ್ಲಿ ಸಣ್ಣಗೆ ಗಾಳಿ ಹೋಗ್ತಿತ್ತು, ಅದಕ್ಕೇ ಮುಚ್ಚಿಬಿಟ್ವಿ, ನಾಲ್ಕು ವರ್ಷದಿಂದ ಏನೂ ಆಗಿಲ್ಲ" ಅಂದರು. ನಾಲ್ಕು ವರ್ಷ ಆ ಅಂಗಡಿಯ ಹುಡುಗ ಅದರ ಪಕ್ಕದಲ್ಲೇ ಕೂತು ಟ್ಯೂಬಿಗೆ ಪ್ಯಾಚ್ ಹಾಕಿದ್ದಾನೆ.

ತೀರ್ಥಹಳ್ಳಿ ಕಡೆಯಲ್ಲಿ ನನ್ನದೊಂದು ಮರಗೆಲಸದ ಶೆಡ್. ಬಾಗಿಲು, ಕಿಟಕಿ, ಮಂಚ, ಈಚೆಗೆ ಜಾಸ್ತಿ ಅಡುಗೆಮನೆ ಕಪಾಟು. ಪಾಲಿಶ್ ಹೊಡೆಯುವುದಕ್ಕೂ ಮೊಳೆ ಗನ್ನಿಗೂ ಗಾಳಿ ಬೇಕು. ಆರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಬಾಗಿಲು ಹಾಕಿದ ಒಂದು ಪಂಕ್ಚರ್ ಅಂಗಡಿಯಿಂದ 3 ಎಚ್‌ಪಿ ಮೋಟಾರು, 160 ಲೀಟರ್ ಟ್ಯಾಂಕು, ಬೆಲ್ಟಿನಲ್ಲಿ ತಿರುಗುವ ಎರಡು ಸಿಲಿಂಡರಿನ ಈ ಮಿಷನ್ನನ್ನು 17,000 ರೂಪಾಯಿಗೆ ತಂದೆ. ಹೊಸದರ ಅರ್ಧಕ್ಕಿಂತ ಕಡಿಮೆ. ಮೊದಲ ಮಳೆಗಾಲದಲ್ಲಿ ಅದು ನನ್ನನ್ನು ಅಳಿಸಿತು. ಆಮೇಲೆ ಒಂದೊಂದೇ ಬಿಚ್ಚಿ ನೋಡುತ್ತಾ ಕಲಿತೆ. ನಾನು ಮೆಕ್ಯಾನಿಕ್ ಅಲ್ಲ, ಬಡಗಿ. ಹಾಗಾಗಿ ಬಡಗಿಗೆ ಅರ್ಥವಾಗುವ ಹಾಗೆಯೇ ಬರೆಯುತ್ತಿದ್ದೇನೆ.

ಟ್ಯಾಂಕ್

ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ ಹಳೇ ಕಂಪ್ರೆಸರ್ ಕೊಳ್ಳುವಾಗ ಟ್ಯಾಂಕಿನ ಹೊಟ್ಟೆ ನೋಡಬೇಕು. ನಮ್ಮಲ್ಲಿ ಎಲ್ಲರೂ ಮೋಟಾರಿನ ಸದ್ದು ಕೇಳಿ, ಫ್ಲೈವೀಲ್ ಅಲ್ಲಾಡಿಸಿ ದುಡ್ಡು ಎಣಿಸುತ್ತಾರೆ. ಮೋಟಾರು ಸುಟ್ಟರೆ ರಿವೈಂಡಿಂಗ್ ಇದೆ. ಹೆಡ್, ಅಂದರೆ ಸಿಲಿಂಡರಿನ ಮೇಲೆ ವಾಲ್ವ್ ಕೂರುವ ತಲೆಭಾಗ ಕೆಟ್ಟರೆ ವಾಲ್ವ್ ಪ್ಲೇಟ್ ಸಿಗುತ್ತದೆ, ಪಿಸ್ಟನ್ನಿನ ರಿಂಗ್ ಸಿಗುತ್ತದೆ. ಟ್ಯಾಂಕು ಒಳಗಿನಿಂದ ತಿಂದುಹೋಗಿದ್ದರೆ ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸಬೇಕು ಅಷ್ಟೇ.

ಒಂದು ಲೆಕ್ಕ ಹೇಳುತ್ತೇನೆ. ನನ್ನ ಟ್ಯಾಂಕಿನ ಅಡ್ಡಳತೆ 40 ಸೆಂಟಿಮೀಟರ್. ಅದರ ಒಂದು ತುದಿಯ ಮುಚ್ಚಳದ ವಿಸ್ತೀರ್ಣ ಸುಮಾರು 1,250 ಚದರ ಸೆಂಟಿಮೀಟರ್. ಮುಳ್ಳು 8 ಕೆಜಿ ತೋರಿಸುತ್ತಿದೆ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 8 ಕೆಜಿ ಒತ್ತಡ. ಗುಣಿಸಿ ನೋಡಿ, ಆ ಒಂದು ಮುಚ್ಚಳವನ್ನು 10 ಟನ್ ಭಾರ ಹೊರಗೆ ತಳ್ಳುತ್ತಿದೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಚಹಾ ಕುಡಿಯುವವರು ಇದನ್ನೊಮ್ಮೆ ನೆನೆದುಕೊಂಡರೆ ಸಾಕು.

ನೋಡುವುದು ಹೀಗೆ. ಮೊದಲು ಟ್ಯಾಂಕಿನ ಮೇಲಿನ ತಗಡಿನ ಪ್ಲೇಟ್ ಓದಿ. ಎಷ್ಟು ಲೀಟರ್, ಕೆಲಸದ ಒತ್ತಡ ಎಷ್ಟು, ಟೆಸ್ಟ್ ಮಾಡಿದ ಒತ್ತಡ ಎಷ್ಟು, ಯಾವ ಇಸವಿ. ಪ್ಲೇಟೇ ಇಲ್ಲದಿದ್ದರೆ ಅಥವಾ ಬಣ್ಣ ಬಳಿದು ಅಕ್ಷರ ಮುಚ್ಚಿದ್ದರೆ ನಾನಾದರೆ ವಾಪಸು ಬರುತ್ತೇನೆ. ಟ್ಯಾಂಕಿನ ಕೆಳಹೊಟ್ಟೆಗೆ ಮಾತ್ರ ಹೊಸ ಬಣ್ಣ ಕಂಡರೂ ಅನುಮಾನ ಪಡಿ. ಬೆಸುಗೆ ಹಾಕಿದ ತೇಪೆ, ಎಂ-ಸೀಲ್ ಮೆತ್ತಿದ ಗುರುತು ಇದ್ದರೆ ಮಾತೇ ಬೇಡ.

ಆಮೇಲೆ ಗಾಳಿ ಪೂರ್ತಿ ಬಿಟ್ಟು, ಮುಳ್ಳು ಸೊನ್ನೆಗೆ ಬಂದ ಮೇಲೆ, ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಚಹಾ ಬಣ್ಣದ ನೀರು ಬಂದರೆ ಹೆದರಬೇಡಿ, ಅದು ಎಲ್ಲದರಲ್ಲೂ ಬರುತ್ತದೆ. ಕೆಂಪು ಕೆಸರು, ಅದರ ಜೊತೆ ಹುರಿದ ಹಪ್ಪಳದ ಪುಡಿಯ ಹಾಗೆ ಚಕ್ಕೆ ಚಕ್ಕೆ ತುಕ್ಕು ಬಂದರೆ ಒಳಗಿನ ಗೋಡೆ ಉದುರುತ್ತಿದೆ ಅಂತ ಅರ್ಥ. ಮೊಬೈಲಿಗೆ ಸಿಕ್ಕಿಸುವ ಉದ್ದ ವೈರಿನ ಕ್ಯಾಮೆರಾ ಈಗ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಪ್ಲಗ್ಗಿನ ತೂತಿನಿಂದ ಒಳಗೆ ಬಿಟ್ಟು ನೋಡಿ. ಒಂದೇ ಸಮನೆ ಕಂದು ಬಣ್ಣ ಇದ್ದರೆ ಪರವಾಗಿಲ್ಲ. ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದ್ದರೆ, ಅದರಲ್ಲೂ ನೀರು ನಿಲ್ಲುವ ತಳದ ಗೆರೆಯ ಉದ್ದಕ್ಕೂ ಬಿದ್ದಿದ್ದರೆ, ಬೇಡ. ಖಾಲಿ ಟ್ಯಾಂಕಿಗೆ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಮೇಲ್ಭಾಗದಲ್ಲಿ ಠಣ್ ಅನ್ನುವ ಸದ್ದು ತಳದಲ್ಲಿ ದಪ್ ಅಂತಾದರೆ ಅಲ್ಲಿ ಕೆಸರು ಕೂತಿದೆ ಅಥವಾ ತಗಡು ಸೊರಗಿದೆ. ಇದು ಅನುಮಾನ ಹುಟ್ಟಿಸುವ ಪರೀಕ್ಷೆ ಮಾತ್ರ, ಪಾಸ್ ಮಾಡುವ ಪರೀಕ್ಷೆ ಅಲ್ಲ.

ಪಾಸ್ ಮಾಡಬೇಕಾದರೆ ನೀರಿನ ಟೆಸ್ಟೇ ಆಗಬೇಕು. ಟ್ಯಾಂಕನ್ನು ಬಿಚ್ಚಿ, ಒಂದು ಹನಿ ಗಾಳಿಯೂ ಉಳಿಯದ ಹಾಗೆ ನೀರು ತುಂಬಿ, ಕೈ ಪಂಪಿನಲ್ಲಿ ಒತ್ತಡ ಏರಿಸುತ್ತಾರೆ. ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು. ನನ್ನದು 10 ಕೆಜಿಯ ಟ್ಯಾಂಕ್, ಅದಕ್ಕೆ 15 ಕೆಜಿ ಏರಿಸಿ ಅರ್ಧ ಗಂಟೆ ಬಿಟ್ಟೆವು. ಮುಳ್ಳು ಕದಲಲಿಲ್ಲ. ನೀರೇ ಯಾಕೆ ಅಂದರೆ ನೀರನ್ನು ಅದುಮಿದರೆ ಅದು ಕುಗ್ಗುವುದಿಲ್ಲ. ಟ್ಯಾಂಕು ಸೀಳಿದರೂ ಪಿಚಕ್ ಅಂತ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಅದೇ ಟೆಸ್ಟನ್ನು ಗಾಳಿ ತುಂಬಿ ಮಾಡಿದರೆ ಬಾಂಬು. "ಗಾಳಿ ತುಂಬಿ 12 ಕೆಜಿವರೆಗೆ ನೋಡೇ ಬಿಡಾಣ" ಅನ್ನುವವರ ಹತ್ತಿರ ನಿಲ್ಲಲೂ ಬೇಡಿ. ತಳದಲ್ಲಿ ಸೂಜಿಮೊನೆಯಷ್ಟು ತೂತಾಗಿ ಗಾಳಿ ಹೋಗುತ್ತಿದ್ದರೆ ಅದಕ್ಕೆ ವೆಲ್ಡಿಂಗ್ ಹಾಕಿಸಬೇಡಿ. ತೂತಿನ ಸುತ್ತಲಿನ ತಗಡೂ ಅಷ್ಟೇ ತೆಳ್ಳಗಾಗಿರುತ್ತದೆ.

ಸೇಫ್ಟಿ ವಾಲ್ವ್ ಮಾತ್ರ ಹೊಸದೇ ಹಾಕಿ, ಹಳೆಯದು ಚೆನ್ನಾಗಿದ್ದರೂ. ಟ್ಯಾಂಕಿನ ಪ್ಲೇಟಿನಲ್ಲಿರುವ ಕೆಲಸದ ಒತ್ತಡವನ್ನು ಮೀರದ ಸೆಟ್ಟಿಂಗಿನದು ಕೇಳಿ ತನ್ನಿ. ಅದರ ಉಂಗುರವನ್ನು ತಿಂಗಳಿಗೊಮ್ಮೆ, ಟ್ಯಾಂಕಿನಲ್ಲಿ ಗಾಳಿ ಇರುವಾಗ, ಒಂದು ಸಲ ಎಳೆದು ಬಿಡಿ. ಜೋರಾಗಿ ಉಗುಳಿ ಗಪ್ಪನೆ ಮುಚ್ಚಿಕೊಳ್ಳಬೇಕು. ಕಣ್ಣಿಗೆ ಕನ್ನಡಕ ಇರಲಿ.

ಗಡಿಯಾರ ಹಿಡಿದು ಅಳೆಯಿರಿ

ಟ್ಯಾಂಕ್ ಪಾಸಾಯಿತು ಅಂದುಕೊಳ್ಳಿ. ಈಗ ಪಂಪಿನ ಆರೋಗ್ಯ ತಿಳಿಯಲು ಯಾರನ್ನೂ ಕರೆಸಬೇಕಾಗಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಟ್ಯಾಂಕ್ ಖಾಲಿ ಮಾಡಿ, ಎಲ್ಲ ಕಾಕ್ ಮುಚ್ಚಿ, ಚಾಲೂ ಮಾಡಿ. ಸೊನ್ನೆಯಿಂದ 8 ಕೆಜಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. 160 ಲೀಟರಿನ ಟ್ಯಾಂಕಿಗೆ 8 ಕೆಜಿ ಅಂದರೆ 160 ಗುಣಿಸು 8, ಹತ್ತಿರ ಹತ್ತಿರ 1,280 ಲೀಟರ್ ಹೊರಗಿನ ಗಾಳಿ ಒಳಗೆ ಹೋಗಬೇಕು. ನನ್ನದರಂಥ 3 ಎಚ್‌ಪಿ ಪಂಪಿನ ಪ್ಲೇಟಿನಲ್ಲಿ 10 ಸಿಎಫ್‌ಎಂ ಅಂತ ಬರೆದಿರುತ್ತದೆ. ಒಂದು ಸಿಎಫ್‌ಎಂ ಅಂದರೆ ನಿಮಿಷಕ್ಕೆ 28 ಲೀಟರ್ ಚಿಲ್ಲರೆ. ಆದರೆ ಅದು ಪಿಸ್ಟನ್ ಗುಡಿಸುವ ಜಾಗದ ಲೆಕ್ಕ, ನಿಜವಾಗಿ ಟ್ಯಾಂಕ್ ಸೇರುವುದು ಅದರ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ನಿಮಿಷಕ್ಕೆ 200 ಲೀಟರ್ ಅಂತಿಟ್ಟುಕೊಂಡರೆ ಆರೂವರೆ ನಿಮಿಷದಲ್ಲಿ ತುಂಬಬೇಕು. ನನ್ನದು ಬಂದ ದಿನ 14 ನಿಮಿಷ ತಗೊಂಡಿತು. ಅಂದರೆ ಅರ್ಧ ಗಾಳಿ ಎಲ್ಲೋ ಹೋಗುತ್ತಿತ್ತು.

ಎಲ್ಲಿ ಹೋಗುತ್ತಿದೆ ಅಂತ ಹುಡುಕುವುದು ಎರಡನೇ ಆಟ. 8 ಕೆಜಿಗೆ ನಿಲ್ಲಿಸಿ, ಮೇನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮುಳ್ಳು ನೋಡಿ. ಒಂದು ಕೆಜಿ ಇಳಿದಿದ್ದರೆ ನಿಮಿಷಕ್ಕೆ 16 ಲೀಟರ್ ಸೋರುತ್ತಿದೆ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಹಾಕಿ ನೊರೆ ಬರುವ ಹಾಗೆ ಕಲಸಿ, ಬ್ರಶ್ಶಿನಲ್ಲಿ ಒಂದೊಂದು ಜಾಯಿಂಟಿಗೂ ಹಚ್ಚುತ್ತಾ ಬನ್ನಿ. ನನ್ನದರಲ್ಲಿ ಗೇಜಿನ ಬುಡ, ಡ್ರೈನ್ ಕಾಕ್, ಪೈಪಿನ ಕ್ವಿಕ್ ಕಪ್ಲರ್ ಮೂರರಲ್ಲೂ ಗುಳ್ಳೆ ಎದ್ದವು. ಗುಳ್ಳೆ ಎದ್ದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಗಾಳಿ ಪೂರ್ತಿ ಬಿಟ್ಟು, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಒತ್ತಡ ಇರುವಾಗ ಜಾಯಿಂಟ್ ಬಿಗಿ ಮಾಡುವ ಚಪಲ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಹಳೇ ಹಿತ್ತಾಳೆ ಥ್ರೆಡ್ ಮುರಿದರೆ ಅದು ಗುಂಡಿನ ಹಾಗೆ ಹೊರಡುತ್ತದೆ.

ಇವೆಲ್ಲ ಸರಿ ಮಾಡಿದ ಮೇಲೆ 14 ನಿಮಿಷ 11ಕ್ಕೆ ಇಳಿಯಿತು. ಉಳಿದದ್ದು ಹೆಡ್ಡಿನ ಒಳಗೆ ಇತ್ತು.

ಹೆಡ್ಡಿನ ಒಳಗೆ

ಏರ್ ಫಿಲ್ಟರ್ ಬಿಚ್ಚಿ, ಮಿಷನ್ ಓಡುವಾಗ ಗಾಳಿ ಎಳೆಯುವ ಬಾಯಿಯ ಮುಂದೆ, ಬೆಲ್ಟಿಗೆ ದೂರದಲ್ಲಿ, ಅಂಗೈ ಹಿಡಿಯಿರಿ. ಎಳೆಯುತ್ತಾ ಇರಬೇಕು. ಎಳೆದು, ಮತ್ತೆ ಪುಸ್ ಪುಸ್ ಅಂತ ಅಂಗೈಗೆ ಉಗಿದರೆ ಸಕ್ಷನ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಉಗಿಯುವುದಿಲ್ಲ, ಆದರೆ ಹೆಡ್ ವಿಪರೀತ ಕಾಯುತ್ತದೆ, 5 ಕೆಜಿಗೆ ಬಂದು ಮುಂದೆ ಏರುವುದೇ ಇಲ್ಲ ಅಂದರೆ ಅದುಮಿದ ಗಾಳಿಯನ್ನು ಹೊರಗೆ ಬಿಡುವ ಡೆಲಿವರಿ ವಾಲ್ವ್ ಕೆಟ್ಟಿದೆ. ಬಿಸಿ ಗಾಳಿ ಮತ್ತೆ ಮತ್ತೆ ಅದೇ ಸಿಲಿಂಡರಿಗೆ ಬಂದು ಮತ್ತೆ ಮತ್ತೆ ಅದುಮಿಸಿಕೊಳ್ಳುತ್ತದೆ, ಅದಕ್ಕೇ ಆ ಕಾವು. ಎರಡು ಸ್ಟೇಜಿನ ಮಿಷನ್ ಆದರೆ, ಅಂದರೆ ಒಂದು ಸಿಲಿಂಡರ್ ದೊಡ್ಡದು ಇನ್ನೊಂದು ಚಿಕ್ಕದು ಇರುವುದಾದರೆ, ಎರಡರ ನಡುವಿನ ಕೂಲರ್ ಪೈಪಿನ ಮೇಲಿರುವ ಪುಟ್ಟ ಸೇಫ್ಟಿ ವಾಲ್ವ್ ಪದೇ ಪದೇ ಬಾಯಿ ಬಿಡುತ್ತಿದ್ದರೆ ಚಿಕ್ಕ ಸಿಲಿಂಡರಿನ ವಾಲ್ವ್ ನೋಡಿ. ಪುಟ್ಟ ವಾಲ್ವನ್ನೇ ಬಯ್ಯಬೇಡಿ.

ಹೆಡ್ ಬಿಚ್ಚುವ ಮುಂಚೆ ಕರೆಂಟು ತೆಗೆದು, ಗಾಳಿ ಬಿಟ್ಟು, ತಣ್ಣಗಾಗಲು ಒಂದು ಗಂಟೆ ಕೊಡಿ. ಒಂದೊಂದು ಪದರ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಾಲ್ವ್ ಅಂದರೆ ಅಲ್ಲಿ ಏನೂ ದೊಡ್ಡ ಯಂತ್ರ ಇಲ್ಲ, ತೆಳ್ಳನೆಯ ಸ್ಟೀಲ್ ಪಟ್ಟಿ, ಅದು ಕೂರುವ ಪ್ಲೇಟು. ಯಾವ ಪಟ್ಟಿ ಯಾವ ಮುಖಕ್ಕೆ ಅನ್ನುವುದು ತಿರುವುಮುರುವಾದರೆ ಗಾಳಿಯೇ ಬರುವುದಿಲ್ಲ. ನನ್ನದರಲ್ಲಿ ಪಟ್ಟಿಗಳ ಕೆಳಗೆ ಒಲೆಯ ಮಸಿಯ ಹಾಗೆ ಕಾರ್ಬನ್ ಕಟ್ಟಿತ್ತು, ಒಂದು ಪಟ್ಟಿಯ ತುದಿ ಸೀಳಿತ್ತು. ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿ, ಹಿತ್ತಾಳೆ ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ ಪೂರ್ತಿ ಒಣಗಿಸಿದೆ. ಪ್ಲೇಟನ್ನು ದಪ್ಪ ಗಾಜಿನ ಮೇಲೆ 400 ನಂಬರಿನ, ಆಮೇಲೆ 600 ನಂಬರಿನ ಎಮರಿ ಹಾಳೆ ಹಾಸಿ, ಎಣ್ಣೆ ಬಿಟ್ಟು ಎಂಟರ ಆಕಾರದಲ್ಲಿ ತಿಕ್ಕಿದೆ. ಇದು ನನಗೆ ಸಲೀಸು, ಉಳಿಯ ಬೆನ್ನು ಮಟ್ಟ ಮಾಡುವುದೂ ಹೀಗೆಯೇ. ಹೊಸ ಪಟ್ಟಿ, ಹೊಸ ಗ್ಯಾಸ್ಕೆಟ್. ಹಳೇ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಮೆತ್ತಿ ಕೂರಿಸುವುದು ಬೇಡ, ಅದು ಪಿಸುಕಿ ವಾಲ್ವಿಗೆ ಅಂಟುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದು ಸಲ ಓಡಿಸಿ, ತಣ್ಣಗಾದ ಮೇಲೆ ಇನ್ನೊಂದು ಸಲ ನೋಡಿ.

ಪೆಟ್ರೋಲಿನಲ್ಲಿ ತೊಳೆದು ಹಾಗೇ ಚಾಲೂ ಮಾಡುವವರನ್ನು ನೋಡಿದ್ದೇನೆ. ಪೆಟ್ರೋಲ್ ಆವಿ, ಅದುಮಿದ ಬಿಸಿ ಗಾಳಿ, ಕಾರ್ಬನ್ನು. ಬೇರೆ ಹೇಳಬೇಕಾಗಿಲ್ಲ. ಫಿಲ್ಟರಿನ ಸ್ಪಾಂಜನ್ನೂ ಸೋಪುನೀರಿನಲ್ಲೇ ತೊಳೆಯಿರಿ.

ಹೆಡ್ ಕೂರಿಸಿ ಮತ್ತೆ ಗಡಿಯಾರ ಹಿಡಿದೆ. ಆರು ನಿಮಿಷ 40 ಸೆಕೆಂಡು. ಆ ಸಂಖ್ಯೆಯನ್ನು ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಅಳೆದರೆ ಸಾಕು, ಎಂಟು ನಿಮಿಷ ದಾಟಿದರೆ ಹೆಡ್ ಬಿಚ್ಚುವ ಕಾಲ ಬಂತು ಅಂತ ಗೊತ್ತಾಗುತ್ತದೆ.

ಎಣ್ಣೆ

ಕಂಪ್ರೆಸರ್ ಆಯಿಲ್ಲೇ ಹಾಕಿ. ನಮ್ಮ ಹವೆಗೆ ಸಾಮಾನ್ಯವಾಗಿ ವಿಜಿ 100 ಅನ್ನುವ ಗ್ರೇಡು, ನಿಮ್ಮ ಪಂಪಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಬೈಕಿನ ಎಂಜಿನ್ ಆಯಿಲ್ ಉಳಿದಿದೆ ಅಂತ ಸುರಿಯುವುದು ನಮ್ಮೂರಿನ ರೂಢಿ. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ತಳಕ್ಕೆ ಇಳಿಯಲು ಬಿಡದೆ ಎಣ್ಣೆಯಲ್ಲೇ ಹಿಡಿದಿಡುತ್ತದೆ, ವಾಲ್ವಿನ ಮೇಲೆ ಮಸಿಯನ್ನೂ ಜಾಸ್ತಿ ಕಟ್ಟಿಸುತ್ತದೆ.

ಗಾಜಿನ ಕಿಟಕಿಯ ನಡುವಿನ ಚುಕ್ಕೆಯವರೆಗೆ ಎಣ್ಣೆ ಇರಲಿ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ. ದಿನಕ್ಕೆ ಐದೈದು ನಿಮಿಷ ಓಡಿಸಿ ಆಫ್ ಮಾಡುವ ಮಿಷನ್ನುಗಳಲ್ಲಿ ಇದು ಸಾಮಾನ್ಯ, ಪಂಪು ಕಾಯುವುದೇ ಇಲ್ಲ, ಒಳಗಿನ ತೇವ ಆರುವುದೇ ಇಲ್ಲ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಪಂಪು ವಿಪರೀತ ಕಾಯುತ್ತಿದೆ ಅಥವಾ ರಿಂಗ್ ಸವೆದಿದೆ. ಎಣ್ಣೆ ತುಂಬುವ ಬಾಯಿಯ ಉಸಿರುತೂತಿನಿಂದ ಹೊಗೆ ಹೊಗೆಯಾಗಿ ಗಾಳಿ ಬರುತ್ತಿದೆಯಾ ನೋಡಿ, ಬಂದರೆ ರಿಂಗೇ. ಹಳೇ ಮಿಷನ್ ತಂದ ದಿನವೇ ಎಣ್ಣೆ ಬದಲಾಯಿಸಿ, 50 ಗಂಟೆ ಓಡಿದ ಮೇಲೆ ಇನ್ನೊಮ್ಮೆ, ಆಮೇಲೆ 500 ಗಂಟೆ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು.

ನೀರು

ನನ್ನನ್ನು ಅಳಿಸಿದ್ದು ಇದೇ. ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಅದು. ಆ ಕಡೆಯಿಂದ ಬರುವ ಗಾಳಿಯನ್ನು ಹಿಂಡಿದರೆ ನೀರಲ್ಲದೆ ಇನ್ನೇನು ಬರುತ್ತದೆ?

ಹಿಂಡಿದರೆ ಅಂತ ಬರೀ ಮಾತಿಗೆ ಹೇಳಿದ್ದಲ್ಲ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನಾವಿ ಹಿಡಿದುಕೊಳ್ಳಬಲ್ಲದು. ಆಷಾಢದಲ್ಲಿ ನಮ್ಮಲ್ಲಿ ಅದರ ಹತ್ತರಲ್ಲಿ ಒಂಬತ್ತು ಪಾಲು ತುಂಬಿಯೇ ಇರುತ್ತದೆ. ನನ್ನ ಪಂಪು ಗಂಟೆಗೆ 12 ಘನ ಮೀಟರ್ ಎಳೆಯುತ್ತದೆ, ಜೊತೆಗೆ ಸುಮಾರು 250 ಗ್ರಾಂ ನೀರು. ಆ 12 ಘನ ಮೀಟರನ್ನು ಒಂಬತ್ತನೇ ಒಂದು ಪಾಲಿಗೆ ಅದುಮಿ ತಣ್ಣಗೆ ಮಾಡಿದರೆ 30 ಗ್ರಾಮಿಗೆ ಮಾತ್ರ ಜಾಗ. ಉಳಿದ 200 ಗ್ರಾಂ ಚಿಲ್ಲರೆ ನೀರಾಗಿ ಬೀಳಲೇಬೇಕು. ಗಂಟೆಗೊಂದು ಲೋಟ. ತಣ್ಣಗಾಗುವುದು ಟ್ಯಾಂಕಿನಲ್ಲಾದರೆ ಟ್ಯಾಂಕಿನಲ್ಲಿ ಬೀಳುತ್ತದೆ. ಟ್ಯಾಂಕ್ ಬಿಸಿಯಾಗಿದ್ದರೆ ಪೈಪಿನಲ್ಲಿ, ಕೊನೆಗೆ ಗನ್ನಿನಲ್ಲಿ, ಕೊನೆಗೆ ಗಿರಾಕಿಯ ತೇಗದ ಬಾಗಿಲ ಮೇಲೆ.

ಆ ವರ್ಷ ಒಂದು ಮದುವೆ ಮನೆಯ ಮುಂಬಾಗಿಲಿಗೆ ಪಾಲಿಶ್ ಹೊಡೆದು ಬೆಳಗ್ಗೆ ನೋಡಿದರೆ ಅರ್ಧ ಬಾಗಿಲು ಮಂಜು ಹಿಡಿದ ಕನ್ನಡಿ. ಇನ್ನರ್ಧದಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು. ಎರಡೂ ಒಂದೇ ರೋಗ ಅಂದುಕೊಂಡಿದ್ದೆ. ಅಲ್ಲ. ಬೇರೆ ಮಾಡುವುದು ಹೀಗೆ: ಗನ್ನಿನಲ್ಲಿ ಪಾಲಿಶ್ ಹಾಕದೆ ಬರೀ ಗಾಳಿಯನ್ನು ಒರೆಸಿದ ಕನ್ನಡಿಯ ಮೇಲೆ ಒಂದು ನಿಮಿಷ ಬಿಡಿ. ಹನಿ ಕೂತರೆ ಪೈಪಿನಲ್ಲಿ ನೀರಿದೆ. ಕನ್ನಡಿ ಒಣಗಿಯೇ ಇದ್ದು ಬಾಗಿಲು ಮಾತ್ರ ಬೆಳ್ಳಗಾಗುತ್ತಿದ್ದರೆ ತಪ್ಪು ಕಂಪ್ರೆಸರಿನದಲ್ಲ, ಹವೆಯದು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪಾಲಿಶಿನ ತಿನ್ನರ್ ಆರುವಾಗ ಮರದ ಮೈ ತಣ್ಣಗಾಗಿ ಸುತ್ತಲಿನ ತೇವ ಅದರ ಮೇಲೇ ಇಳಿಯುತ್ತದೆ. ಅದಕ್ಕೆ ನಿಧಾನಕ್ಕೆ ಆರುವ ತಿನ್ನರ್ ಬೆರೆಸಬೇಕು, ಇಲ್ಲವೇ ಬಿಸಿಲು ಬರುವ ತನಕ ಕಾಯಬೇಕು. ಗುಳಿ ಬೀಳುವುದು ಎಣ್ಣೆಯಿಂದ. ಬಿಳಿ ಹಾಳೆ ಹಿಡಿದು ಅದೇ ಗಾಳಿ ಬಿಡಿ, ಹಳದಿ ಜಿಡ್ಡಿನ ಚುಕ್ಕೆ ಬಂದರೆ ರಿಂಗ್ ದಾಟಿ ಎಣ್ಣೆ ಬರುತ್ತಿದೆ, ಅಥವಾ ಎಣ್ಣೆ ಗುರುತು ಮೀರಿ ತುಂಬಿಸಿದ್ದೀರಿ. ನಾನು ತುಂಬಿಸಿದ್ದೆ.

ನೀರಿಗೆ ಮದ್ದು ದುಬಾರಿಯದ್ದಲ್ಲ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಎರಡು ಕೆಜಿ ಒತ್ತಡ ಇರುವಾಗ ಡ್ರೈನ್ ಕಾಕ್ ತೆರೆಯಿರಿ, ಬರೀ ಗಾಳಿ ಬರುವ ತನಕ. ಮಳೆಗಾಲದಲ್ಲಿ ಮಧ್ಯಾಹ್ನ ಊಟಕ್ಕೇಳುವಾಗಲೂ ಒಮ್ಮೆ. ಕಾಕ್ ಟ್ಯಾಂಕಿನ ಅಡಿಯಲ್ಲಿ ಕೈಗೆ ಸಿಗದ ಹಾಗೆ ಇರುತ್ತದೆ, ಅದಕ್ಕೇ ಯಾರೂ ಬಿಡುವುದಿಲ್ಲ. ನಾನು ಒಂದು ಎಲ್ಬೋ, ಒಂದಡಿ ಜಿಐ ಪೈಪು, ಬಾಲ್ ವಾಲ್ವ್ ಹಾಕಿ ಹೊರಗೆ ತಂದಿಟ್ಟೆ. ಈಗ ಕಾಲಲ್ಲೇ ತೆರೆಯಬಹುದು, ನಮ್ಮ ಹುಡುಗರೂ ಮರೆಯುವುದಿಲ್ಲ. ಇಡೀ ಮಿಷನ್ನನ್ನು ಡ್ರೈನ್ ಇರುವ ಕಡೆಗೆ ಒಂದಿಷ್ಟು ಓರೆಯಾಗಿ ನಿಲ್ಲಿಸಿದ್ದೇನೆ.

ನೀರು ಹಿಡಿಯುವ ಫಿಲ್ಟರನ್ನು ಟ್ಯಾಂಕಿನ ಬಾಯಿಗೇ ಸಿಕ್ಕಿಸಿದರೆ ಅದು ವ್ಯರ್ಥ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಇನ್ನೂ ಆವಿ. ಏಳೆಂಟು ಮೀಟರ್ ಜಿಐ ಪೈಪಿನಲ್ಲಿ ಗೋಡೆಯುದ್ದಕ್ಕೂ ಗಾಳಿಯನ್ನು ತಿರುಗಾಡಿಸಿ ತಣ್ಣಗೆ ಮಾಡಿ, ಪೈಪನ್ನು ಸ್ವಲ್ಪ ಇಳಿಜಾರಾಗಿ ಕೊಟ್ಟು, ತುದಿಯಲ್ಲಿ ಕೆಳಗೆ ಒಂದು ಕಾಲು ಇಳಿಬಿಟ್ಟು ಕಾಕ್ ಹಾಕಿ. ಗನ್ನಿಗೆ ಹೋಗುವ ಕವಲನ್ನು ಪೈಪಿನ ಮೇಲ್ಮೈಯಿಂದ ತೆಗೆಯಿರಿ, ಅಡಿಯಿಂದಲ್ಲ. ಫಿಲ್ಟರ್ ಅಲ್ಲಿಗೆ. ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪು ಗಾಳಿಗೆ ಬೇಡವೇ ಬೇಡ. ಅದು ಸೋರುವುದಿಲ್ಲ, ಒಂದು ದಿನ ಚೂರು ಚೂರಾಗಿ ಸಿಡಿಯುತ್ತದೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ ದೂರು. "ಮೋಟಾರ್ ಸುಟ್ಟಿದೆ ಅನ್ಸುತ್ತೆ" ಅಂತ ಶುರುವಾಗುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ, ಗುಂಯ್‌ಗುಡಿಸುತ್ತಾ ನಿಂತರೆ ನಿಜವಾಗಿಯೂ ಸುಡುತ್ತದೆ. ಆಮೇಲೆ ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಚಾಲೂ ಮಾಡಿ.

ಖಾಲಿ ಟ್ಯಾಂಕಿನಲ್ಲಿ ಸರಾಗ ತಿರುಗಿದರೆ ಮೋಟಾರ್ ಚೆನ್ನಾಗಿದೆ. ಮಿಷನ್ ನಿಂತಾಗಲೆಲ್ಲ ಪ್ರೆಶರ್ ಸ್ವಿಚ್ಚಿನ ಪಕ್ಕದಿಂದ ಪುಸ್ಸ್ ಅಂತ ಒಂದು ಉಸಿರು ಬಿಡಬೇಕು. ಪಂಪು ಮತ್ತು ಟ್ಯಾಂಕಿನ ನಡುವಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗುವ ಸದ್ದು ಅದು, ಅನ್‌ಲೋಡರ್ ಮಾಡುವ ಕೆಲಸ. ಆ ಉಸಿರು ಬಿಡದಿದ್ದರೆ ಮುಂದಿನ ಸಲ ಮೋಟಾರು ತಲೆಯ ಮೇಲೆ ಮೂಟೆ ಹೊತ್ತುಕೊಂಡೇ ಏಳಬೇಕಾಗುತ್ತದೆ. ಸಣ್ಣ ನಳಿಕೆ ಕಟ್ಟಿದೆಯಾ, ಸ್ವಿಚ್ಚಿನ ಸನ್ನೆ ಅದರ ಪಿನ್ನನ್ನು ಒತ್ತುತ್ತಿದೆಯಾ ನೋಡಿ. ಉಸಿರು ಬಿಡುತ್ತದೆ, ಆದರೆ ನಿಲ್ಲುವುದೇ ಇಲ್ಲ, ಟ್ಯಾಂಕ್ ಖಾಲಿಯಾಗುವ ತನಕ ಸುಯ್ಯನ್ನುತ್ತಲೇ ಇರುತ್ತದೆ ಅಂದರೆ ತಪ್ಪು ಅನ್‌ಲೋಡರಿನದಲ್ಲ, ಎನ್‌ಆರ್‌ವಿಯದು, ಅಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವಿನದು. ಬಿಸಿ ಪೈಪು ಟ್ಯಾಂಕಿಗೆ ಸೇರುವಲ್ಲಿ ಇರುವ ಹಿತ್ತಾಳೆ ಗಟ್ಟಿ ಅದು. ಒಳಗೊಂದು ಬಿಲ್ಲೆ, ಒಂದು ಸ್ಪ್ರಿಂಗು. ಬಿಲ್ಲೆಯ ಕೆಳಗೆ ಮಸಿಯ ಚೂರು ಸಿಕ್ಕಿದರೂ ಟ್ಯಾಂಕಿನ ಗಾಳಿ ವಾಪಸು ಬರುತ್ತದೆ. ಗಾಳಿ ಬಿಟ್ಟು, ಬಿಚ್ಚಿ, ಒರೆಸಿ, ಬಿಲ್ಲೆ ಕಚ್ಚಿಹೋಗಿದ್ದರೆ ಹೊಸದು. ಇದಕ್ಕೆ ಬದಲಾಗಿ ಸ್ವಿಚ್ಚನ್ನೇ ಬದಲಾಯಿಸಿ ಸಾವಿರಗಟ್ಟಲೆ ಕಳೆದುಕೊಂಡವರು ಇದ್ದಾರೆ, ಮೊದಲ ಸಲ ನಾನೂ. ಓಡುವಾಗಲೇ ಅಲ್ಲಿಂದ ಗಾಳಿ ಹೋಗುತ್ತಿದ್ದರೆ ಮಾತ್ರ ಅನ್‌ಲೋಡರಿನ ವಾಲ್ವೇ ಸಿಕ್ಕಿಕೊಂಡಿದೆ.

ಖಾಲಿ ಟ್ಯಾಂಕಿನಲ್ಲೂ ತಿರುಗದಿದ್ದರೆ ಮೇನ್ ತೆಗೆದು ಬೆಲ್ಟ್ ಬಿಚ್ಚಿ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ನೋಡಿ, ತಿರುಗದಷ್ಟು ಬಿಗಿಯಾಗಿದ್ದರೆ ಪಂಪಿನ ಒಳಗೇ ಹಿಡಿದಿದೆ. ಸಲೀಸಾಗಿದ್ದರೆ ಮೋಟಾರನ್ನು ಒಂಟಿಯಾಗಿ ಚಾಲೂ ಮಾಡಿ. ಸಿಂಗಲ್ ಫೇಸ್ ಮೋಟಾರು ಆಗಲೂ ಗುಂಯ್ ಅಂದರೆ ಸಾಮಾನ್ಯವಾಗಿ ಸ್ಟಾರ್ಟಿಂಗ್ ಕೆಪಾಸಿಟರ್. ಹೊಟ್ಟೆ ಉಬ್ಬಿದೆಯಾ, ಎಣ್ಣೆ ಒಸರಿದೆಯಾ ನೋಡಿ. ಮುಟ್ಟುವ ಮುಂಚೆ ಅದರ ಎರಡು ತುದಿಗೆ ಹೋಲ್ಡರಿನಲ್ಲಿರುವ ಹಳೇ ಗುಂಡು ಬಲ್ಬ್ ಸೋಕಿಸಿ ಖಾಲಿ ಮಾಡಿ, ಮೇನ್ ತೆಗೆದರೂ ಅದು ಕರೆಂಟು ಇಟ್ಟುಕೊಂಡಿರುತ್ತದೆ. ಬದಲಿಗೆ ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ಅಷ್ಟೇ ಅಥವಾ ಹೆಚ್ಚು. ತ್ರೀ ಫೇಸ್ ಆದರೆ ಒಂದು ಫೇಸ್ ಹೋಗಿದೆಯಾ ನೋಡಿ. ಗಾಳಿಮಳೆಗೆ ಕಂಬದಲ್ಲಿ ಫ್ಯೂಸ್ ಹೋಗುವುದು ನಮ್ಮಲ್ಲಿ ಹೊಸದಲ್ಲ, ಒಂದು ಫೇಸ್ ತಪ್ಪಿದರೆ ತಾನೇ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿಕೊಳ್ಳಿ. ಲೈನ್ ರಿಪೇರಿ ಆದ ಮೇಲೆ ಫೇಸ್ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುವುದೂ ಉಂಟು. ಗಾಳಿ ತುಂಬುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಫ್ಲೈವೀಲಿನ ರೆಕ್ಕೆಗಳು ಸಿಲಿಂಡರಿನ ಕಡೆ ಗಾಳಿ ಬೀಸದೆ ಪಂಪು ಬೇಯುತ್ತದೆ. ಬಾಣದ ಗುರುತು ಇರುತ್ತದೆ, ಅಳಿಸಿದ್ದರೆ ಬರೆದುಕೊಳ್ಳಿ.

ಕೆಪಾಸಿಟರೂ ಸರಿ, ಆದರೂ ಬೆಳಗ್ಗೆ ಮಾತ್ರ ಏಳುವುದಿಲ್ಲ ಅಂದರೆ ವೋಲ್ಟೇಜು. ಮೋಟಾರಿನ ಹತ್ತಿರ, ಅದು ಏಳುವ ಕ್ಷಣದಲ್ಲಿ ಎಷ್ಟಿದೆ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ಗೋಡೆಯಲ್ಲಿ 220 ಇದ್ದು ಮೋಟಾರಿನಲ್ಲಿ 180 ಇದ್ದರೆ ನಡುವಿನ ವೈರು ಸಣ್ಣದು. ಕಂಪ್ರೆಸರಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯಬೇಡಿ. ವೈರು ಗಿಡ್ಡ ಇರಲಿ, ಗಾಳಿ ಪೈಪು ಎಷ್ಟಾದರೂ ಉದ್ದ ಆಗಲಿ.

ಚಿಲ್ಲರೆ ಸಂಗತಿ

ಬೆಲ್ಟನ್ನು ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10–12 ಮಿಲಿಮೀಟರ್ ತಗ್ಗಬೇಕು. ಎರಡು ಬೆಲ್ಟಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯಾ ಅಂತ ನೂಲು ಹಿಡಿದು ನೋಡಿ. ಬೇಗ ತುಂಬಲಿ ಅಂತ ಮೋಟಾರಿಗೆ ದೊಡ್ಡ ಪುಲ್ಲಿ ಹಾಕುವ ಬುದ್ಧಿವಂತಿಕೆ ಬೇಡ, ಪಂಪು ಸುಡುತ್ತದೆ. ಬೆಲ್ಟಿನ ಮೇಲಿನ ಜಾಲರಿ ತೆಗೆದಿಟ್ಟು ಓಡಿಸಬೇಡಿ. ಪಂಚೆಯೋ ಲುಂಗಿಯೋ ಉಟ್ಟು ಕೆಲಸ ಮಾಡುವವರು ನಾವು.

ಗೋಡೆಯಿಂದ ಒಂದಡಿ ದೂರ, ಕೆಳಗೆ ರಬ್ಬರ್ ಬುಶ್, ಗರಗಸದ ಪುಡಿ ಹಾರದ, ಪಾಲಿಶಿನ ಹೊಗೆ ಬರದ ಜಾಗ. ನಾನು ಶೆಡ್ಡಿನ ಹಿಂದೆ ಒಂದು ಸಣ್ಣ ಮಾಡು ಇಳಿಸಿ ಅಲ್ಲಿಟ್ಟಿದ್ದೇನೆ, ಗದ್ದಲವೂ ಕಡಿಮೆ. ಆದರೂ ಫಿಲ್ಟರಿನಲ್ಲಿ ವಾರಕ್ಕೊಂದು ಚಿಟಿಕೆ ಹೊಟ್ಟು ಸಿಗುತ್ತದೆ. ಸಂಜೆ ಮೈಮೇಲಿನ ಹೊಟ್ಟನ್ನು ಅದೇ ಗಾಳಿಯಲ್ಲಿ ಹೊಡೆದುಕೊಳ್ಳುವ ಅಭ್ಯಾಸ ಹುಡುಗರಿಗೆ ಇದೆ. ಬಿಡಿಸಿ. ಗಾಯದೊಳಗೆ, ಕಿವಿಯೊಳಗೆ, ಕಣ್ಣೊಳಗೆ ಆ ಒತ್ತಡದ ಗಾಳಿ ಹೋದರೆ ಆಸ್ಪತ್ರೆಯೇ ಗತಿ. ಒಂದು ಬ್ರಶ್ ನೇತುಹಾಕಿ.

ಹಗಲಿಡೀ ನಿಲ್ಲದೆ ಓಡುತ್ತಿದ್ದರೆ ಮಿಷನ್ ಚಿಕ್ಕದಾಯಿತು ಅಥವಾ ಸೋರುತ್ತಿದೆ. ಹತ್ತು ನಿಮಿಷದಲ್ಲಿ ಐದಾರು ನಿಮಿಷ ಓಡಿ, ಉಳಿದ ಹೊತ್ತು ವಿಶ್ರಾಂತಿ ಸಿಗುವ ಹಾಗಿರಬೇಕು. ಮೊಳೆ ಗನ್ನಿಗೆ ಆರು ಕೆಜಿ ಸಾಕು, ಪಾಲಿಶ್ ಗನ್ನಿಗೆ ಮೂರು. ಹಾಗಾಗಿ ನಾನು ಸ್ವಿಚ್ಚನ್ನು 8ಕ್ಕೆ ನಿಲ್ಲುವ, 6ಕ್ಕೆ ಏಳುವ ಹಾಗೆ ಇಟ್ಟಿದ್ದೇನೆ. ಟ್ಯಾಂಕಿಗೆ 10ರ ಶಕ್ತಿ ಇದ್ದರೂ ಅಲ್ಲಿಗೆ ಏರಿಸುವುದಿಲ್ಲ.

ಒಂದು ಡಬ್ಬಿಯಲ್ಲಿ ಎನ್‌ಆರ್‌ವಿಯ ಬಿಲ್ಲೆ ಎರಡು, ವಾಲ್ವ್ ಪಟ್ಟಿ ಒಂದು ಜೊತೆ, ಹೆಡ್ ಗ್ಯಾಸ್ಕೆಟ್, ಕೆಪಾಸಿಟರ್, ಬೆಲ್ಟು, ಟೆಫ್ಲಾನ್ ಟೇಪು ಇಟ್ಟಿರಿ. ಜೂನ್ ಮೊದಲ ವಾರದೊಳಗೆ ತಂದಿಟ್ಟರೆ ಒಳ್ಳೆಯದು, ಆಮೇಲೆ ಮಳೆಯಲ್ಲಿ ಶಿವಮೊಗ್ಗಕ್ಕೆ ಒಂದು ಬಿಲ್ಲೆಗಾಗಿ ಹೋಗಿಬರುವುದೆಂದರೆ ಇಡೀ ದಿನ. ಹಬ್ಬಕ್ಕೋ ಅಡಿಕೆ ಕೊಯ್ಲಿಗೋ ವಾರಗಟ್ಟಲೆ ಶೆಡ್ ಮುಚ್ಚುವುದಿದ್ದರೆ ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ಡ್ರೈನ್ ಕಾಕ್ ತೆರೆದೇ ಇಟ್ಟು ಹೋಗಿ. ವಾಪಸು ಬಂದು ಚಾಲೂ ಮಾಡುವಾಗ ಮುಚ್ಚಲು ಮರೆತರೆ ಅದು ಕೂಗಿ ನೆನಪಿಸುತ್ತದೆ.